ಓಣಿ ಬಾಗಿದ ಕಡೆ

ಶಿರ್ವದ ಗುಡ್ಡೆ ಇಳಿದು ಕಡಲಿಗೆ ಹೋಗುವ ಹಳೇ ಓಣಿ
ಉದ್ದಕ್ಕೂ ನೆಟ್ಟಗಿದೆ. ಒಂದು ಕಡೆ ಮಾತ್ರ
ಯಾರೋ ಕರೆದಂತೆ ಎಡಕ್ಕೆ ತಿರುಗಿ ನೋಡಿ
ಮತ್ತೆ ತನ್ನ ದಾರಿ ಹಿಡಿದಿದೆ.

"ಯಾಕೆ?" ಅಂದರು ಇಂಜಿನಿಯರು,
ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ.
ನಾನು ಸರಪಳಿ ಹಿಡಿಯುವವ.
ನೂರು ಕೊಂಡಿ ಇದೆ ನನ್ನಲ್ಲಿ,
ಯಾಕೆ ಎಂಬುದನ್ನು ಅಳೆಯುವ ಕೊಂಡಿ ಇಲ್ಲ.

ಅಪ್ಪಿ ಮರಕಾಲ್ತಿ ಮೀನಿನ ಬುಟ್ಟಿ ತಲೆಯಲ್ಲಿಟ್ಟುಕೊಂಡೇ ಹೇಳಿದಳು:
ಅಲ್ಲೊಂದು ಕಾಸರಕನ ಮರ ಇತ್ತು, ಬುಡದಲ್ಲಿ ಗುಳಿಗ.
ಕಡಿಯ ಹೊರಟ ದೊರೆಯ ಕೊಡಲಿ ಕಾವು ಬಿಟ್ಟು ಜಾರಿ
ಅವನದೇ ಬೂಟಿಗೆ ಬಿತ್ತು.
ಕುಂಟುತ್ತಾ ಎಳೆದ ಗೆರೆ ಮಾರಾಯ್ರೆ, ನೆಟ್ಟಗೆ ಹೇಗೆ ಬಂದೀತು?

ಅಂಗಡಿಯ ಮಯ್ಯದ್ದಿ ಬೀಡಿ ಆರಿಸಿ ನಕ್ಕ:
ಗುಳಿಗನೂ ಇಲ್ಲ, ಬೂಟೂ ಇಲ್ಲ.
ಒಂದು ಬುಟ್ಟಿ ಒಣ ನಂಗು ಕೊಟ್ಟು ನನ್ನ ಅಜ್ಜ
ರಸ್ತೆಯನ್ನು ಅಂಗಡಿ ಬಾಗಿಲಿಗೆ ಕರೆತಂದ.
ವಾಸನೆ ತಾಳಲಾರದೆ ಅಳತೆಯವರು
ಬೇಗ ಬೇಗ ಗೂಟ ಹೊಡೆದು ಓಡಿದರಂತೆ.

ಪೌಲಿನ್ ಬಾಯಿ ಏನೂ ಹೇಳಲಿಲ್ಲ.
ತಡಮೆ ದಾಟಿಸಿ, ಬಲ್ಲೆ ಸರಿಸಿ, ತೋರಿಸಿದಳು:
ನಿಂತ ಎರಡು ಕಲ್ಲು, ಮೇಲೆ ಅಡ್ಡಕ್ಕೊಂದು,
ಹೆಂಗಸಿನ ತಲೆಯಷ್ಟೇ ಎತ್ತರ.
ಹೊರೆಕಲ್ಲು.

ಉಪ್ಪು ಹೊತ್ತ ಬಸುರಿಯೊಬ್ಬಳು ಇಲ್ಲಿ ಕುಸಿದಳು.
ಹೊರೆ ಇಳಿಸಿಕೊಡಲು ಓಣಿಯಲ್ಲಿ ಆ ಹೊತ್ತು
ಒಂದು ಕೈ ಇರಲಿಲ್ಲ.
ಕಲ್ಲು ನಿಲ್ಲಿಸಿದವನು ಅವಳ ಅಪ್ಪ.
ಕಲ್ಲಿಗಾಗಿ ಜನ ಇತ್ತ ತಿರುಗಿದರು,
ಜನರ ಹಿಂದೆ ಗಾಡಿ, ಗಾಡಿಯ ಹಿಂದೆ ರಸ್ತೆ.
ಅವಳ ಹೆಸರು?
ಪೌಲಿನ್ ಬಾಯಿ ಸೆರಗಿನಿಂದ ಕಲ್ಲಿನ ಹಾವಸೆ ಒರೆಸಿದಳು.
ಅಷ್ಟೇ.

ಹೆಗಲ ಸರಪಳಿ ಅದರ ಮೇಲಿಟ್ಟೆ.
ಬಗ್ಗಬೇಕಾಗಲಿಲ್ಲ.

ಹೊಸ ಗೆರೆ ಸರಿಯಾಗಿ ಆ ಕಲ್ಲಿನ ಮೇಲೆಯೇ ಹಾಯುತ್ತದೆ.
ಸಂಜೆ, ಇಂಜಿನಿಯರು ಎಳನೀರಿಗೆ ಕತ್ತೆತ್ತಿದಾಗ,
ಗೂಟ ಕಿತ್ತು ಹದಿನಾರು ಕೊಂಡಿ ಎಡಕ್ಕೆ ಹೊಡೆದೆ.
ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ
ತಿಳಿದೂ ತಪ್ಪಿದ ಅಳತೆ ಅದೊಂದೇ.

ಡಾಮರಿನ ರಸ್ತೆ ಇಲ್ಲಿ ಯಾಕೆ ಬಾಗಿತು ಎಂದು
ಮುಂದೆ ಯಾರಾದರೂ ಕೇಳಿದರೆ
ಗುಳಿಗ ಅನ್ನಿ, ಒಣ ನಂಗು ಅನ್ನಿ.
ನನ್ನ ಹೆಸರು ಬೇಡ.
ಅವಳದೇ ಉಳಿದಿಲ್ಲವಲ್ಲ.