ನಾಲ್ಕು ಬೆರಳು

ಶಿಡ್ಲಘಟ್ಟದ ಕಾಲೇಜು ಮೈದಾನಕ್ಕೆ
ಹನ್ನೊಂದು ವರ್ಷ ಸುಣ್ಣದ ಗೆರೆ ಎಳೆದವನು ನಾನು.
ತೂತು ಕೊರೆದ ಡಬ್ಬ, ಎರಡು ಮೊಳೆ,
ದಾರ ಮಾತ್ರ ರೇಷ್ಮೆಯ ಹುರಿ,
ಎಷ್ಟು ಜಗ್ಗಿದರೂ ಸುಳ್ಳು ಹೇಳದು.

ಚಲಪತಿ ಆ ಗೆರೆಯ ಮೇಲೇ ಬೆಳೆದ ಹುಡುಗ.
ಬಿಸಿನೀರಲ್ಲಿ ಬೆರಳು ಬೇಯಿಸಿಕೊಂಡು
ನೂಲು ತೆಗೆಯುವ ಬಚ್ಚಮ್ಮನ ಮಗ.
ಬರಿಗಾಲಲ್ಲಿ ಓಡಿಬಂದು ಗೆರೆ ತುಳಿದರೆ
ಅಂಪೈರಿಗಿಂತ ಮೊದಲು ತಾನೇ ಕೈ ಚಾಚಿ
"ನೋಬಾಲ್" ಅನ್ನುತ್ತಿದ್ದ,
ಹಿಮ್ಮಡಿಗಂಟಿದ ಸುಣ್ಣ ತೋರಿಸಿ ನಗುತ್ತಿದ್ದ.

ನನಗಷ್ಟೇ ಗೊತ್ತಿತ್ತು:
ಮೂರನೇ ಓವರಿಗೆ ಅವನ ಎಡಮಂಡಿ ಸೋಲುತ್ತೆ,
ಐದನೇ ಎಸೆತಕ್ಕೆ ಕಾಲು ಜಾರುತ್ತೆ.
ಎಷ್ಟು ಸಲ ಬೈದಿದ್ದೆ. ಒಂದ್ಸಲ ಟೀ ಕುಡಿಸಿ ಬೇಡಿಕೊಂಡಿದ್ದೆ.

ಈಗ ಅವನು ಲೀಗಿನಲ್ಲಿ. ಎದೆಯ ಮೇಲೆ ಆ್ಯಪಿನ ಹೆಸರು,
ಅದೇ ಆ್ಯಪು ನನ್ನ ಜೇಬಲ್ಲಿ.
ಹಿಂದೆ ಇದೇ ಬಾಜಿಗೆ ಪೊಲೀಸರು ಬಂದರೆ
ಗೂಡಿನ ಮಾರ್ಕೆಟ್ಟಿನ ಹಿಂಬಾಗಿಲಿಂದ ಓಡುತ್ತಿದ್ದೆವು.
ಈಗ ಕಾನೂನೇ ಕುರ್ಚಿ ಹಾಕಿ ಕೂರಿಸಿದೆ.
ಎಸೆತ ಎಸೆತಕ್ಕೂ ಬೆಲೆ,
ಹರಾಜಿಗಿಟ್ಟ ಲಾಟಿನ ಹಾಗೆ ಮಿನುಗಿ ಏರುತ್ತೆ, ಇಳಿಯುತ್ತೆ.

ಮೂರನೇ ಓವರು. ಹೆಬ್ಬೆರಳು ತಾನಾಗೇ ಹೋಯಿತು.
ಐದನೆಯದು ನೋಬಾಲ್. ಇನ್ನೂರು ರೂಪಾಯಿ.

ಕಾಲು ಜಾರಿತು.
ಟೀವಿ ನಿಲ್ಲಿಸಿ, ಹಿಗ್ಗಿಸಿ, ಮತ್ತೆ ನಿಲ್ಲಿಸಿ ತೋರಿಸಿತು
ಗೆರೆಯಾಚೆ ನಾಲ್ಕು ಬೆರಳು.
ತೆರಿಗೆ ಹಿಡಿದು ಮಿಕ್ಕಿದ್ದು ಬಂತು, ಅಭಿನಂದನೆ ಸಮೇತ.

ಬೆಳಗ್ಗೆ ರೀಲಿಂಗ್ ಶೆಡ್ಡಿನಲ್ಲಿ ಒಂದೇ ಮಾತು:
"ಮಾರ್ಕೊಂಡ ಬಿಡು ನಿನ್ನ ಹುಡುಗ."
ಸೋತವರ ಗಂಟಲು ದೊಡ್ಡದು.
ಗೆದ್ದವನು ಒಲೆಗೆ ಸೌದೆ ತಳ್ಳುತ್ತಾ ಕೂತೆ.
ವಿಚಾರಣೆಯಂತೆ. ಆ ಎಸೆತಕ್ಕೆ ದುಡ್ಡು ಕಟ್ಟಿದವನು
ಅವನ ಊರಿನವನೇ ಯಾರೋ ಅಂತೆ.

ಗೂಡಾದರೆ ಕಿವಿ ಹತ್ತಿರ ಅಲ್ಲಾಡಿಸಿ ಹೇಳಬಲ್ಲೆ
ಒಳಗೆ ಹುಳ ಒಣಗಿದೆಯೋ, ಕೊಳೆತಿದೆಯೋ.
ಆಟವನ್ನು ಹೇಗೆ ಅಲ್ಲಾಡಿಸುವುದು?

ರಾತ್ರಿ ಫೋನು. ಅವನ ಪಕ್ಕದಲ್ಲಿ ಯಾರೋ ಕೆಮ್ಮಿದರು.
"ಪಿಳ್ಳಣ್ಣಾ, ಅದು ಮಂಡಿದು ಅಂತ
ನೀನಾದ್ರೂ ಹೇಳ್ತೀಯಾ ಅವರಿಗೆ? ನಿನಗೆ ಗೊತ್ತಲ್ಲ."

ಗೊತ್ತು.
ಗೊತ್ತಿದ್ದುದಕ್ಕೇ ಬಂದ ದುಡ್ಡು
ಅದೇ ಫೋನಿನೊಳಗೆ, ಕೆನ್ನೆಗೆ ಬಿಸಿಯಾಗಿ.

ನಾಳೆ ಭಾನುವಾರ, ಚಿಕ್ಕ ಹುಡುಗರ ಮ್ಯಾಚು.
ಸುಣ್ಣ ಜರಡಿ ಹಿಡಿದಿಟ್ಟೆ. ಮೊಳೆ ಎರಡೂ ಸಿಕ್ಕವು.
ದಾರ ಎಲ್ಲಿಟ್ಟೆನೋ.