ಇನ್ನೂರ ಹದಿನಾಲ್ಕನೇ ಪುಟದ ಅಂಚಿನಲ್ಲಿ

ಹೊರಾತ್ಸಿಯು, ನಿನ್ನ ಕಾದಂಬರಿ ಓದಿ ಮುಗಿಸಿದೆ.
ಮೂರು ರಾತ್ರಿ, ಎರಡು ಪೆನ್ಸಿಲ್ಲು, ಒಂದು ಸೀಸೆ ಪ್ಲಮ್ ಸಾರಾಯಿ.
ಸಾರಾಯಿಗೆ ನೀನು ಹೊಣೆಯಲ್ಲ.
ಟಿಮಿಶೋರಾದಲ್ಲಿ ಟ್ರಾಮು ಓಡಿಸುತ್ತ
ಕೊನೆಯ ನಿಲ್ದಾಣದ ಒಂಬತ್ತು ನಿಮಿಷಗಳಲ್ಲಿ
ನಾನೂರು ಪುಟ ಬರೆದವನಿಗೆ
ಮೊದಲು ಶಹಬ್ಬಾಸ್.
ಇನ್ನು ಬೈಗುಳ.

ನಿನ್ನ ೨೦೯೧ರ ಊರಿನಲ್ಲಿ ಯಾವಾಗಲೂ ರಾತ್ರಿ.
ಯಾವಾಗಲೂ ಮಂಜು, ಆದರೂ ಯಾರಿಗೂ ನೆಗಡಿಯಿಲ್ಲ.
ಉಕ್ಕಿನ ಹಕ್ಕಿಗಳು ಕಿಟಕಿಗೆ ಬಂದು ಇಣುಕುತ್ತವೆ;
ಇರಲಿ, ಹಾರಲಿ. ಅವಕ್ಕೆ ಎಣ್ಣೆ ಹಚ್ಚಿ ಒರೆಸುವವನು ಯಾರು?
ಅವನ ಸಂಬಳವೆಷ್ಟು? ಅತ್ತೆ ಅವನನ್ನು ಏನೆಂದು ಕರೆಯುತ್ತಾಳೆ?
ದಬ್ಬಾಳಿಕೆ ಅಂದರೆ ಹಕ್ಕಿಯಲ್ಲ ಮಾರಾಯ,
ಆ ಎಣ್ಣೆಬಟ್ಟೆಯವನು.

ನಿನ್ನ ರೆಕ್ಸ್ ವಾರ್ಡನ್ ಏಳು ಭಾಷೆ ಬಲ್ಲ,
ಬರಿಗೈಲಿ ಹದಿನೈದು ಜನರನ್ನು ಕೆಡವುತ್ತಾನೆ,
ನಾನೂರು ಪುಟದಲ್ಲಿ ಒಮ್ಮೆಯೂ ಉಚ್ಚೆಗೆ ಹೋಗುವುದಿಲ್ಲ.
ನಾನು ಕಂಡ ಗೂಢಚಾರರಿಗೆ
ಚಪ್ಪಟೆ ಪಾದ, ಹಲ್ಲುನೋವು, ಮಗಳ ಮದುವೆಯ ಚಿಂತೆ.
ಒಬ್ಬನಂತೂ ಕಾವಲಿನ ನಡುವೆಯೇ ಓಡಿಹೋಗಿ
ಹಾಲಿನ ಸರತಿಯಲ್ಲಿ ಚೀಲವಿಟ್ಟು ಬರುತ್ತಿದ್ದ.
ಅವನು ಯಾರೆಂದು ಬೀದಿಗೆಲ್ಲ ಗೊತ್ತಿತ್ತು;
ಬೀದಿಗೆ ಗೊತ್ತೆಂದು ಅವನಿಗೂ ಗೊತ್ತಿತ್ತು.
ಭಯಕ್ಕೆ ಅಷ್ಟೇ ಸಾಕು, ಕಪ್ಪು ಕೋಟು ಬೇಡ.

ಎಂಬತ್ತೆಂಟು: 'ಅವನ ಕಣ್ಣುಗಳಲ್ಲಿ ಮಂಜುಗಡ್ಡೆಯ ಜ್ವಾಲೆ.'
ಎರಡರಲ್ಲೊಂದು ಆರಿಸು.
ನೂರ ಹತ್ತರಲ್ಲಿ ಸತ್ತವನು ನೂರ ಮೂವತ್ತರಲ್ಲಿ ಕಾಫಿ ಕುಡಿಯುತ್ತಾನೆ.
ಹೆಂಗಸರೆಲ್ಲ ಎತ್ತರ, ಹೆಂಗಸರೆಲ್ಲ ದ್ರೋಹಿಗಳು.
ನಿನ್ನ ಲವೀನಿಯಾ ಇದನ್ನು ಓದಿದ್ದಾಳೆಯೇ?

ನಿನ್ನ ಸರ್ಕಾರ ಜನರ ಕನಸನ್ನು ಯಂತ್ರದಲ್ಲಿ ಓದುತ್ತದೆ.
ನಮ್ಮದಕ್ಕೆ ಅಷ್ಟೆಲ್ಲ ಬೇಕಿರಲಿಲ್ಲ.
ವರ್ಷಕ್ಕೊಮ್ಮೆ ಟೈಪ್‌ರೈಟರನ್ನು ಕಂಕುಳಲ್ಲಿ ಎತ್ತಿಕೊಂಡು
ಠಾಣೆಗೆ ಹೋಗಿ ಅಕ್ಷರಗಳ ಅಚ್ಚು ಕೊಟ್ಟು ಬರುತ್ತಿದ್ದೆವು.
ನನ್ನದರಲ್ಲಿ ಒಂದಕ್ಷರ ಕುಂಟುತ್ತಿತ್ತು.
ಆ ಕುಂಟುನಡೆಗೂ ಒಂದು ಕಡತವಿತ್ತು.

ಈಗ ಇನ್ನೂರ ಹದಿನಾಲ್ಕು.
ವಾರ್ಡನ್ ಕಿವಿಗೆ ಯಂತ್ರ ಹಚ್ಚಿ ಕೂತಿದ್ದಾನೆ;
ಪೂರ್ತಿ ಸಂಚು, ವ್ಯಾಕರಣ ಸಮೇತ, ಕೇಳಿಸುತ್ತದೆ.
ಇಲ್ಲ. ಕೇಳಿಸುವುದು ನಲ್ಲಿ.
ಚಮಚ. ಕೆಮ್ಮು. ಕುರ್ಚಿ ಎಳೆದದ್ದು.
ಯಾರೋ ಯಾರಿಗೋ 'ಉಪ್ಪು' ಅಂದದ್ದು.
ಎಂಟು ಗಂಟೆಯ ಪಾಳಿಗೆ ಅಷ್ಟೇ ಫಸಲು.
ನಿನಗೆ ಹೇಗೆ ಗೊತ್ತು ಅನ್ನಬೇಡ.
ಪ್ರೂಫ್ ತಿದ್ದುವವಳು, ಅಲ್ಪವಿರಾಮ ಬಲ್ಲವಳು ಎಂದು
ಕರೆದರು, ಹೋದೆ. ಆ ಕೋಣೆ ಬೆಚ್ಚಗಿತ್ತು.
ಊರಲ್ಲಿ ಬೇರೆಲ್ಲೂ ಬೆಚ್ಚಗಿರಲಿಲ್ಲ. ಇದು ಸಮಜಾಯಿಷಿಯಲ್ಲ,
ವಿವರ. ಕಾದಂಬರಿಗೆ ವಿವರ ಬೇಕು.

ಅದೇ ಪುಟದ ಕೆಳಗೆ ಒಂದು ಮಗುವನ್ನು ತಂದಿದ್ದೀಯ.
ಕಥೆಗೆ ಬೇಕಿಲ್ಲದ ಮಗು, ಮುಂದೆಲ್ಲೂ ಬರುವುದಿಲ್ಲ.
ತಾಯಿ ಟೆಲಿಫೋನಿನ ಮೇಲೆ ದಿಂಬು ಒತ್ತಿಟ್ಟು ಹೋದ ಮೇಲೆ
ಬರಿಗಾಲಲ್ಲಿ ಬಂದು
ಒಲೆಗೆ, ಅಪ್ಪನ ಬೂಟಿಗೆ, ಗಡಿಯಾರಕ್ಕೆ ಶುಭರಾತ್ರಿ ಹೇಳಿ
ಕೊನೆಗೆ ದಿಂಬು ಎತ್ತಿ
'ನಿನಗೂ' ಅನ್ನುತ್ತದೆ.

೨೦೯೧ರಲ್ಲಿ ಟೆಲಿಫೋನು ಎಲ್ಲಿಂದ ಬಂತು ಎಂದು ಬರೆಯಲು
ಪೆನ್ಸಿಲ್ಲು ಎತ್ತಿದೆ.
ಬಹಳ ಹೊತ್ತು ಹಾಗೇ ಕೂತಿದ್ದೆ.
ದಿಂಬು ಎತ್ತಿದಾಗ ದನಿ ಎಷ್ಟು ಹತ್ತಿರ ಬರುತ್ತದೆ,
ಆ ತುದಿಯವರಿಗೆ ಗೊತ್ತಾಗುವುದಿಲ್ಲ.
ಕಿವಿಯೊಳಗೇ ಉಸಿರು.
ಎಂಬತ್ತಾರರ ಚಳಿಗಾಲ, ಗುರುವಾರ ರಾತ್ರಿ ನನ್ನ ಪಾಳಿ.
ವರದಿಯಲ್ಲಿ ಒತ್ತುತ್ತಿದ್ದೆ: 'ಮಗು. ಅಪ್ರಸ್ತುತ.'
ಎಲ್ಲ ಮನೆಗಳಲ್ಲೂ ದಿಂಬುಗಳಿದ್ದವು, ಎಷ್ಟೋ ಮಕ್ಕಳಿದ್ದವು.
ನೀನು ಯಾವ ಬೀದಿಯಲ್ಲಿ ಬೆಳೆದೆ ಎಂದು ಕೇಳುವುದಿಲ್ಲ.

ಒಟ್ಟು ಅಭಿಪ್ರಾಯ:
ನೂರೈವತ್ತು ಪುಟ ಕಡಿದುಹಾಕು. ಹಕ್ಕಿಗಳನ್ನು ಇಳಿಸು.
ವಾರ್ಡನ್‌ಗೆ ಒಂದು ಹಲ್ಲುನೋವು ಕೊಡು.
ಈ ಪುಟ ಮಾತ್ರ ಮುಟ್ಟಬೇಡ.
ಅಂಚಿನಲ್ಲಿ ಏನೋ ಬರೆದು ಅಳಿಸಿದ್ದೇನೆ;
ಬೆಳಕಿಗೆ ಹಿಡಿದರೆ ಕಾಣಬಹುದು. ಹಿಡಿಯಬೇಡ.
ಶನಿವಾರ ಬಂದು ಕಟ್ಟು ಒಯ್ಯಿ.
ಕರೆಗಂಟೆ ಕೆಟ್ಟಿದೆ, ಬಾಗಿಲು ಬಡಿ,
ಸ್ವಲ್ಪ ಜೋರಾಗಿಯೇ ಬಡಿ. ಈಚೆಗೆ ನನಗೆ ಕಿವಿ ಮಂದ.