ಜೋಳದ ದಂಟಿನ ಬಣ್ಣ

ಮೊದಲನೆಯದು ಟಿಣ್ ಎಂದಿತು.
ಕೊಡದ ನೀರಿಗೆ ಅದ್ದಿದ್ದೇ ತಡ,
ಒಳಗೆಲ್ಲೋ ಯಾರೋ ಬಳೆ ಒಡೆದುಕೊಂಡ ಹಾಗೆ.
ಎತ್ತಿ ನೋಡಿದರೆ ಬೆನ್ನಿನಿಂದ ಬಾಯಿಯವರೆಗೆ
ಕೂದಲೆಳೆಯ ಬಿರುಕು.
ಮೂರು ಭಾನುವಾರ ಅರ ತಿಕ್ಕಿದ್ದು
ಒಂದು ಉಸಿರಿನಲ್ಲಿ ಮುಗಿಯಿತು.

"ನೀರಾಗ ಅದ್ದಿದೇನವಾ? ಅದೇನು ಕೂಸ, ಜಳಕ ಮಾಡ್ಸಾಕ?"
ಸೈಕಲ್ಲು ತುಳಿಯುತ್ತಲೇ ನಕ್ಕ ಸಾಣೆ ಮಸ್ತಾನಸಾಬ.
"ಕಮಾನು ಪಟ್ಟಿಗೆ ಎಣ್ಣಿ ಬೇಕು. ಬೆಚ್ಚಗ ಮಾಡಿದ ಎಣ್ಣಿ."
ಬೇರೇನೂ ಹೇಳಲಿಲ್ಲ.
ಮಾವಿನಕಾಯಿ ಮಾರುವವಳ ಈಳಿಗೆ
ಅವನ ಕಲ್ಲಿನ ಮೇಲೆ ಕಿಡಿ ಕಾರುತ್ತಿತ್ತು.

ಕೌಲ್ ಬಜಾರಿನ ಜೀನ್ಸ್ ಘಟಕದಲ್ಲಿ
ಹನ್ನೊಂದು ವರ್ಷದಿಂದ ದಾರ ಕತ್ತರಿಸುತ್ತೇನೆ.
ದಿನಕ್ಕೆ ಇನ್ನೂರು ಪ್ಯಾಂಟು, ಒಂದೊಂದಕ್ಕೆ ಹದಿನೆಂಟು ಎಳೆ.
ಕತ್ತರಿಗಳೆಲ್ಲ ಬಲಗೈಯವರಿಗೆ. ನಾನು ಎಡಚಿ.
ಅದಕ್ಕೇ ಅಂತಲ್ಲ.
ಕೈಗೆ ಬಂದ ಹರಿತವೆಲ್ಲ ಇನ್ಯಾರೋ ಮಾಡಿದ್ದು
ಅನ್ನಿಸಿತ್ತು ಒಂದು ದಿನ, ಅಷ್ಟೆ.

ಸುಂಕಪ್ಪನ ಗ್ಯಾರೇಜಿನ ಹಿಂದೆ ಬಿದ್ದಿತ್ತು
ಸಂಡೂರಿನ ಅದಿರು ಲಾರಿಯ ಮುರಿದ ಕಮಾನು,
ಸಂದುಗಳಲ್ಲಿ ಇನ್ನೂ ಕೆಂಪು ಧೂಳು.
ಮಣ್ಣಿನಿಂದ ಬಂದ ಕಬ್ಬಿಣ ಮತ್ತೆ ಮಣ್ಣನ್ನೇ ಹೊತ್ತು
ಎಷ್ಟು ಸಲ ಹೋಗಿ ಬಂದಿತ್ತೋ ತೋರಣಗಲ್ಲಿಗೆ.

ಎರಡನೆಯದಕ್ಕೆ ರಾತ್ರಿ ಆರಿಸಿಕೊಂಡೆ.
ಹಗಲು, ಬಳ್ಳಾರಿಯ ಬಿಸಿಲೆದುರು,
ಕೆಂಡಕ್ಕೂ ಮುಖವಿಲ್ಲ.
ನಾಲ್ಕು ಇಟ್ಟಿಗೆ, ಒಂದು ಪುಟ್ಟಿ ಇದ್ದಿಲು,
ಮಗಳು ಪಂಪಾವತಿಯ ಕೈಯಲ್ಲಿ
ಬ್ಯೂಟಿ ಪಾರ್ಲರಿನಿಂದ ಸಾಲ ತಂದ ಕೂದಲೊಣಗಿಸುವ ಯಂತ್ರ.
ಊದವ್ವ, ಊದು.
ಕಪ್ಪು. ಒಣಮೆಣಸಿನಕಾಯಿ. ದಾಳಿಂಬೆ ಕಾಳು.
ಒಡೆದ ಸ್ಪೀಕರಿನ ಅಯಸ್ಕಾಂತ ತಾಗಿಸಿದೆ: ಅಂಟಿತು.
ಮತ್ತೆ. ಅಂಟಿತು.
ಮತ್ತೆ.
ಈ ಸಲ ಅದಕ್ಕೆ ಗುರುತೇ ಸಿಗಲಿಲ್ಲ,
ಮದುವೆಮನೆಯಲ್ಲಿ ಹಳೆಯ ಗೆಳತಿ ಮುಖ ತಿರುವಿದ ಹಾಗೆ.

ಆಗ, ಆಗಲೇ,
ಡಬ್ಬಿಯ ಬೆಚ್ಚನೆಯ ಶೇಂಗಾ ಎಣ್ಣೆಗೆ ನೆಟ್ಟಗೆ ಇಳಿಸಿದೆ.
ಭುಗ್ ಎಂದು ಒಂದು ಜ್ವಾಲೆ. ಓಣಿಗೆಲ್ಲ ಕರಿದ ವಾಸನೆ.
ಎದುರು ಮನೆಯ ಈರಮ್ಮ ಕಿಟಕಿಯಿಂದ:
"ಇಷ್ಟೊತ್ತಿನಾಗ ಮಿರ್ಚಿ ಯಾರಿಗವಾ?"

ಟಿಣ್ ಎನ್ನಲಿಲ್ಲ.
ಅರ ಎಳೆದರೆ ಗಾಜಿನ ಮೇಲೆ ಎಳೆದಂತೆ ಜಾರಿತು.
ತುದಿ ಮಾತ್ರ ತುಸು ಎಡಕ್ಕೆ ವಾಲಿತ್ತು.

ಗಡಸಾದದ್ದು ಸಾಲದಂತೆ, ಒಂಚೂರು ಗಡಸು ಬಿಡಬೇಕಂತೆ.
ರೊಟ್ಟಿ ಹಂಚಿನ ಮೇಲೆ ಉಸುಕು ಹರವಿ,
ಗ್ಯಾಸು ಸಣ್ಣಗೆ ಮಾಡಿ, ಬೆನ್ನು ಕೆಳಗಿಟ್ಟು ಕಾದೆ.
ಉಜ್ಜಿ ಬೆಳ್ಳಗಾಗಿಸಿದ ಮೈಯ ಮೇಲೆ
ಮೊದಲು ಏನೂ ಇಲ್ಲ. ಆಮೇಲೆ ಹಾಲಿನ ಕೆನೆ.
ಆಮೇಲೆ, ತೆನೆ ಕೊಯ್ದ ಹೊಲದಲ್ಲಿ ನಿಂತ
ಜೋಳದ ದಂಟಿನ ಬಣ್ಣ.
ಇನ್ನೊಂದು ಚಣ ಬಿಟ್ಟರೆ ಬದನೆಕಾಯಿ, ಅದರಾಚೆ ನೀಲಿ.
ನೀಲಿ ಬೇಡ. ದಿನವಿಡೀ ನೀಲಿಯೇ ನನಗೆ.
ಇಕ್ಕಳದಿಂದ ಎತ್ತಿಬಿಟ್ಟೆ.

ಕಲ್ಲಿಗೆ ನೀರು. ಎರಡು ನಾಣ್ಯದೆತ್ತರ ಬೆನ್ನು ಎತ್ತಿ
ಒಂದು ಬದಿ ತಿಕ್ಕಿದರೆ ಇನ್ನೊಂದು ಬದಿಗೆ
ಮುಳ್ಳೊಂದು ಮಡಚಿ ಏಳುತ್ತದೆ:
ಕಣ್ಣಿಗೆ ಇಲ್ಲ, ಉಗುರಿಗೆ ಉಂಟು.
ಆ ಕಡೆ ತಿಕ್ಕಿದರೆ ಈ ಕಡೆ, ಈ ಕಡೆಯಾದರೆ ಆ ಕಡೆ,
ಅತ್ತೆ ಸೊಸೆಯ ನಡುವಿನ ಮಾತಿನ ಹಾಗೆ.
ಕೊನೆಗೆ ಹಲಗೆಗೆ ಅಂಟಿಸಿದ ಜೀನ್ಸ್ ತುಂಡಿನ ಮೇಲೆ
ಹಿಂದಕ್ಕೆಳೆದೆ, ಹಿಂದಕ್ಕೆಳೆದೆ.
ಮುಳ್ಳು ಉದುರಿದ್ದು ಗೊತ್ತಾಗಲಿಲ್ಲ;
ಹೆಬ್ಬೆರಳು ಒದ್ದೆಯಾದಾಗ ಗೊತ್ತಾಯಿತು.
ನೀಲಿ ಬಟ್ಟೆಯ ಮೇಲೆ ರಕ್ತ ಕಪ್ಪಗೆ ಕಾಣುತ್ತದೆ.
ಪಂಪಾವತಿ ಅರಿಶಿನಕ್ಕೆ ಓಡಿದಳು.
ನಾನು ಕೂತಲ್ಲೇ ನಗುತ್ತಿದ್ದೆ.

ಮಸ್ತಾನಸಾಬ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ.
"ಸೊಟ್ಟ ಐತಲ್ಲವಾ. ಕಲ್ಲಿಗೆ ಹಿಡೀಲೇನು?"
ಬ್ಯಾಡ ಅಂದೆ.
ಚಾಕು ಎಡಗೈಗೆ ಬದಲಿಸಿಕೊಂಡ, ಮತ್ತೆ ನೋಡಿದ.
ಏನೂ ಅನ್ನಲಿಲ್ಲ.
ತನ್ನ ಬುತ್ತಿ ಬಿಚ್ಚಿ
ಒಂದು ಉಳ್ಳಾಗಡ್ಡಿ ತೆಗೆದುಕೊಟ್ಟ.